ಹನಿಯಮ್ಮನ ಬಕೆಟ್ಟೂ ಭಾವನ ಕೈಗುಣವೂ

ನಿಮ್ಮ ಮನೆಯ ನಲ್ಲಿಯ ಮೂತಿಗೆ ಬಿಳಿ ಮೀಸೆ ಬಂದಿದೆಯೇ? ಸ್ನಾನದ ಬಕೆಟ್ಟಿನ ಒಳಗೆ ಸುಣ್ಣ ಬಳಿದಂತೆ ಪಟ್ಟೆ ಕಟ್ಟಿದೆಯೇ? ಸೋಪು ಎಷ್ಟು ಉಜ್ಜಿದರೂ ನೊರೆ ಬರಲು ಮುನಿಸಿಕೊಳ್ಳುತ್ತದೆಯೇ? ಹಾಗಿದ್ದರೆ ಹನಿಯಮ್ಮನ ಮನೆಯ ಕಥೆಯನ್ನು ನೀವು ಕೇಳಲೇಬೇಕು. ಆಕೆಯ ಮನೆಗೆ ಬರುವುದೂ ಇಂಥದ್ದೇ ಬೋರ್‌ವೆಲ್ಲಿನ ಗಡಸು ನೀರು.

ಹನಿಯಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುವ ಈ ಹೆಂಗಸು ಒಂದು ಚೂರು ಬಟ್ಟೆಯನ್ನೂ ಎಸೆದವಳಲ್ಲ, ಒಂದು ಹನಿ ನೀರನ್ನೂ ಸುಮ್ಮನೆ ಚೆಲ್ಲಿದವಳಲ್ಲ. ತರಕಾರಿ ತೊಳೆದ ನೀರಿನಲ್ಲಿ ಹಿತ್ತಲ ಕಲ್ಲು ತೊಳೆಯುತ್ತಾಳೆ. ಬಟ್ಟೆ ಜಾಲಿಸಿದ ನೀರಿನಲ್ಲಿ ಬಚ್ಚಲು ಉಜ್ಜುತ್ತಾಳೆ. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೂ ಈಕೆಗೆ ನಿದ್ದೆ ಬರುವುದಿಲ್ಲ ಎಂದು ಬೀದಿಯವರು ನಗುತ್ತಾರೆ. ನಕ್ಕರೂ ಒಳಗೊಳಗೇ ಮೆಚ್ಚುತ್ತಾರೆ, ಏಕೆಂದರೆ ನೀರು ಬಾರದ ದಿನ ಕೊಡ ಹಿಡಿದು ಅವರು ಓಡುವುದು ಇವಳ ಮನೆಗೇ.

ಅಡುಗೆಮನೆಯ ಗೋಡೆಗೆ ಕುಡಿಯುವ ನೀರಿನ ಆರ್‌ಓ ಫಿಲ್ಟರ್ ಹಾಕಿಸಿದ ಮೇಲೆ ಹನಿಯಮ್ಮನಿಗೆ ಹೊಸ ತಲೆನೋವು ಶುರುವಾಯಿತು. ಫಿಲ್ಟರಿನ ಬೆನ್ನಿನಿಂದ ಸಣ್ಣ ಪೈಪೊಂದು ಇಳಿದು, ಒಂದಷ್ಟು ನೀರನ್ನು ಹೊರಕ್ಕೆ ಸುರಿಸುತ್ತಿತ್ತು. ಬೇರೆ ಮನೆಗಳಲ್ಲಿ ಅದು ಸಿಂಕಿಗೆ ಬಿದ್ದು ಮಾಯವಾಗುತ್ತದೆ. ಹನಿಯಮ್ಮ ಬಿಟ್ಟಾಳೆಯೇ? ಪೈಪಿನ ಕೆಳಗೆ ಒಂದು ಮುಚ್ಚಳದ ಬಕೆಟ್ಟು ಇಟ್ಟಳು. ಬಕೆಟ್ಟು ತುಂಬಿದಾಗಲೆಲ್ಲ ಆ ನೀರನ್ನು ನಾಲ್ಕು ಮಡಿಕೆ ಮಾಡಿದ ತೆಳು ಬಟ್ಟೆಯಲ್ಲಿ ಸೋಸಿ, ಕಿಟಕಿಯ ಗಿಡಗಳಿಗೆ ಹಾಕತೊಡಗಿದಳು. ಫಿಲ್ಟರಿನಿಂದ ಬಂದ ನೀರು, ಮೇಲೆ ಬಟ್ಟೆಯಲ್ಲೂ ಸೋಸಿದ್ದು. ಇದಕ್ಕಿಂತ ಚೊಕ್ಕ ನೀರು ಇನ್ನೆಲ್ಲಿದೆ ಎಂಬುದು ಆಕೆಯ ಲೆಕ್ಕಾಚಾರ.

ಗಿಡಗಳು ಆಕೆಯವಲ್ಲ, ಗಂಡನವು. ಆತ ಬುಕ್ ಬೈಂಡಿಂಗ್ ಕೆಲಸದಲ್ಲಿ ಹೆಸರು ಮಾಡಿದ್ದ ಮನುಷ್ಯ. ಹರಿದು ಚಿಂದಿಯಾದ ಪುಸ್ತಕ ಅವನ ಕೈಗೆ ಹೋದರೆ ಹೊಸ ಮದುವಣಿಗನಂತೆ ಎದ್ದು ಬರುತ್ತಿತ್ತು. ಕಾಯಿಲೆಯಿಂದ ಕಣ್ಣು ಮಂಜಾಗುತ್ತಾ ಹೋಗಿ, ಕೊನೆಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುವಂತಾದಾಗ ಅಂಗಡಿ ಮುಚ್ಚಿದ. ಆದರೆ ಬೆರಳುಗಳು ಸುಮ್ಮನಿರಬೇಕಲ್ಲ! ಕಿಟಕಿಯ ಕಟ್ಟೆಯ ಮೇಲೆ ಒಂದು ಕುಂಡದಲ್ಲಿ ಪುದೀನ, ಒಂದರಲ್ಲಿ ಮನಿಪ್ಲಾಂಟ್, ಒಂದರಲ್ಲಿ ಗರಿಯಂಥ ಎಲೆಗಳನ್ನು ಇಳಿಬಿಟ್ಟ ಫರ್ನ್ ಇಟ್ಟುಕೊಂಡ. ಬೆಳಿಗ್ಗೆ ಎದ್ದು ಒಂದೊಂದೇ ಎಲೆಯನ್ನು ಪುಟ ತಿರುವಿದ ಹಾಗೆ ಮುಟ್ಟಿ ನೋಡುವುದು, ಮಣ್ಣಿಗೆ ಬೆರಳಿಟ್ಟು ಬಾಯಾರಿಕೆಯಾಗಿದೆಯೇ ಎಂದು ವಿಚಾರಿಸುವುದು ಅವನ ದಿನಚರಿ. ಮೂಲೆಯಲ್ಲಿ ಮುದುಡಿ ಕೂರುತ್ತಿದ್ದ ಗಂಡ ಆ ಗಿಡಗಳಿಂದಾಗಿ ಮತ್ತೆ ಮಾತಿಗೆ ಬಂದಿದ್ದ. ಹನಿಯಮ್ಮನಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಇರಲಿಲ್ಲ.

ಆ ಸಂತೋಷಕ್ಕೇ ಹುಳ ಬಿತ್ತು. ಮೊದಲು ಗೊತ್ತಾದದ್ದು ಗಂಡನಿಗೇ.

"ಲೇ, ಇಲ್ಲಿ ಬಾ. ಫರ್ನಿನ ತುದಿ ಮುಟ್ಟಿದ್ರೆ ಪುಡಿಪುಡಿ ಆಗ್ತಿದೆ ಕಣೇ."

ಹನಿಯಮ್ಮ ನೋಡಿದಳು. ಎಲೆಗಳ ತುದಿ ಸುಟ್ಟಂತೆ ಕಂದಾಗಿತ್ತು. ಮನಿಪ್ಲಾಂಟಿನ ಹೊಸ ಎಲೆಗಳು ಹಳದಿ ತಿರುಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದವು. ಕುಂಡದ ಅಂಚಿಗೂ ಮಣ್ಣಿನ ಮೇಲೂ ಬೆಳ್ಳಗೆ ಏನೋ ಹರಳುಗಟ್ಟಿತ್ತು. ನೀರು ಸಾಲದೇನೋ ಎಂದುಕೊಂಡು ಬಕೆಟ್ಟಿನಿಂದ ಇನ್ನಷ್ಟು ಸುರಿದಳು. ಗಿಡಗಳು ಇನ್ನಷ್ಟು ಸೊರಗಿದವು.

ಒಂದು ಬೆಳಿಗ್ಗೆ ಗಂಡ ಕಿಟಕಿಯ ಹತ್ತಿರ ಹೋಗಲೇ ಇಲ್ಲ. ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ.

"ಯಾಕ್ರೀ, ಗಿಡ ನೋಡಲ್ವಾ?"

"ಬೇಡ ಬಿಡು. ನಾನು ಮುಟ್ಟಿ ಮುಟ್ಟಿಯೇ ಅವು ಸಾಯ್ತಿವೆ. ಕಣ್ಣು ಹೋದ ಮೇಲೆ ಕೈಗುಣವೂ ಹೋಯ್ತು ಅನ್ಸುತ್ತೆ. ಯಾರಿಗಾದ್ರೂ ಕೊಟ್ಟುಬಿಡು, ಬದುಕಿಕೊಳ್ಳಲಿ."

ಕೈಯನ್ನೇ ನಂಬಿ ಬದುಕಿದ ಮನುಷ್ಯ ಕೈಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡರೆ ಅವನಲ್ಲಿ ಇನ್ನೇನು ಉಳಿಯುತ್ತದೆ?

ಆ ವಾರವೇ ಆಕೆಯ ತಂಗಿ ಬಂದಳು. ಈ ತಂಗಿ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ನೆಂಟರ ಮನೆಗೆ ಹೋದರೂ ಕೊಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವ ಜಾತಿ. ಬಾಗಿಲು ದಾಟಿದವಳೇ ಕಿಟಕಿಯ ಕಡೆ ನೋಡಿದಳು, ಮಣ್ಣಿನ ಮೇಲಿನ ಬಿಳಿಯನ್ನು ಉಗುರಿನಿಂದ ಕೆರೆದಳು. ಅಕ್ಕನನ್ನು ಸದ್ದಿಲ್ಲದೆ ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಕ್ಕಾ, ಗಿಡಕ್ಕೆ ಯಾವ ನೀರು ಹಾಕ್ತೀಯ?"

ಹನಿಯಮ್ಮ ಹೆಮ್ಮೆಯಿಂದ ಬಕೆಟ್ಟು ತೋರಿಸಿದಳು. "ನೋಡು, ಒಂದು ಹನಿ ಪೋಲು ಮಾಡಲ್ಲ. ಅದೂ ಸೋಸಿ ಹಾಕ್ತೀನಿ."

ತಂಗಿ ತಲೆ ಕೆರೆದುಕೊಂಡಳು. "ಅಕ್ಕಾ, ಬೇಜಾರು ಮಾಡ್ಕೋಬೇಡ. ಗಿಡಕ್ಕೆ ಕಾಯಿಲೆ ಬಂದಿರೋದು ಈ ಬಕೆಟ್ಟಿಂದಲೇ."

"ಏನಂದೆ? ಫಿಲ್ಟರಿಂದ ಬಂದ ನೀರು ಕಣೇ ಅದು! ಕನ್ನಡಿ ಥರ ಇದೆ, ನೋಡು."

"ನೋಡೋಕೆ ಕನ್ನಡಿನೇ. ಆದ್ರೆ ಫಿಲ್ಟರ್ ಏನು ಮಾಡುತ್ತೆ ಹೇಳು? ನೀರಲ್ಲಿ ಕರಗಿರೋ ಸುಣ್ಣ, ಉಪ್ಪು ಎಲ್ಲಾನೂ ತಡೆದು, ಒಳ್ಳೆ ನೀರನ್ನ ನಲ್ಲಿಗೆ ಕಳಿಸುತ್ತೆ. ಹಾಗೆ ತಡೆದ ಸುಣ್ಣ, ಉಪ್ಪು ಎಲ್ಲಿಗೆ ಹೋಗ್ಬೇಕು? ಈ ಪೈಪಿಂದ ಹೊರಗೆ ಬರುತ್ತೆ. ಬೋರ್‌ವೆಲ್ ನೀರಿಗಿಂತ ಇದು ಇನ್ನೂ ಗಡಸು."

"ಬಟ್ಟೇಲಿ ಸೋಸ್ತೀನಲ್ಲ?"

"ಸಕ್ಕರೆ ಕರಗಿಸಿದ ನೀರನ್ನ ಬಟ್ಟೇಲಿ ಸೋಸು, ಸಿಹಿ ಹೋಗುತ್ತಾ?"

ಹನಿಯಮ್ಮ ಅಷ್ಟು ಸುಲಭಕ್ಕೆ ಸೋಲುವವಳಲ್ಲ. "ನಿನ್ನ ಪರೀಕ್ಷೆ ನಿನ್ನ ಆಫೀಸಲ್ಲಿ ಇಟ್ಕೋ. ನನಗೆ ಕಣ್ಣಿಗೆ ಕಾಣಬೇಕು" ಎಂದಳು.

"ಕಾಣಿಸ್ತೀನಿ, ತಟ್ಟೆ ಕೊಡು."

ಒಂದೇ ಅಳತೆಯ ಮೂರು ಸ್ಟೀಲ್ ತಟ್ಟೆಗಳು ಬಂದವು. ಒಂದಕ್ಕೆ ಬೋರ್‌ವೆಲ್ ನೀರು, ಒಂದಕ್ಕೆ ಬಕೆಟ್ಟಿನ ನೀರು, ಇನ್ನೊಂದಕ್ಕೆ ಫಿಲ್ಟರಿನ ಕುಡಿಯುವ ನೀರು, ಒಂದೊಂದು ಸೌಟಿನಂತೆ ಹಾಕಿ, ಸಣ್ಣ ಉರಿಯಲ್ಲಿ ಪೂರ್ತಿ ಬತ್ತಿಸಿದರು. ಕುಡಿಯುವ ನೀರಿನ ತಟ್ಟೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಉಳಿಯಲಿಲ್ಲ. ಬೋರ್‌ವೆಲ್ ನೀರಿನ ತಟ್ಟೆಯಲ್ಲಿ ಬಿಳಿ ಉಂಗುರ ಕೂತಿತ್ತು. ಬಕೆಟ್ಟಿನ ನೀರಿನ ತಟ್ಟೆ ಸುಣ್ಣ ಎರಚಿದ ಹಾಗಿತ್ತು.

ಹನಿಯಮ್ಮ ಆ ತಟ್ಟೆಯ ಮೇಲೆ ಬಗ್ಗಿ ನೋಡಿದಳು. ಹನಿ ಹನಿ ಕೂಡಿಟ್ಟು ತಾನು ಎರೆದದ್ದು ಇದನ್ನೇ.

ತಂಗಿ ಹೆಗಲ ಮೇಲೆ ಕೈಯಿಟ್ಟು ಪಿಸುಗುಟ್ಟಿದಳು. "ಭಾವನಿಗೆ ಹೇಳೋದೇನೂ ಬೇಡ ಬಿಡಕ್ಕಾ. ಸುಮ್ಮನೆ ನೀರು ಬದಲಾಯಿಸು, ಗಿಡ ಸರಿಹೋಗುತ್ತೆ. ನಿನ್ನ ಮರ್ಯಾದೆನೂ ಉಳಿಯುತ್ತೆ."

ಒಂದು ಗಳಿಗೆ ಹನಿಯಮ್ಮನಿಗೂ ಅದೇ ಸರಿ ಎನಿಸಿತು. ಬೀದಿಗೆಲ್ಲ ನೀರಿನ ಪಾಠ ಹೇಳುವವಳು ತಾನು. ಆದರೆ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಆ ಎರಡು ಕೈಗಳು ಕಣ್ಣ ಮುಂದೆ ಬಂದವು.

"ಇಲ್ಲ ಕಣೇ. ನಾನು ಬಾಯಿ ಮುಚ್ಕೊಂಡ್ರೆ ಅವರು ಕೊನೇವರೆಗೂ ತಮ್ಮ ಕೈಯನ್ನೇ ಬೈಕೋತಾರೆ. ನನ್ನ ಮರ್ಯಾದೆ ಹಾಳಾಗಿ ಹೋಗಲಿ" ಎಂದವಳೇ ತಟ್ಟೆಗಳನ್ನು ಎತ್ತಿಕೊಂಡು ನಡೆದಳು. ಈ ಹೆಂಗಸನ್ನು ಮೆಚ್ಚಬೇಕಾದದ್ದು ಇಲ್ಲಿಯೇ. ನೀರು ಉಳಿಸುವವರು ಬೇಕಾದಷ್ಟು ಜನ ಸಿಗುತ್ತಾರೆ, ತಪ್ಪನ್ನು ತಾನೇ ತಟ್ಟೆಯಲ್ಲಿ ಹೊತ್ತು ತರುವವರು ಅಪರೂಪ.

ಆರಿದ ತಟ್ಟೆಗಳನ್ನು ಗಂಡನ ಮುಂದೆ ಸಾಲಾಗಿ ಇಟ್ಟು, "ಮುಟ್ಟಿ ನೋಡ್ರೀ" ಎಂದಳು.

"ಏನಿದು?"

"ಮೊದಲು ಮುಟ್ಟಿ, ಆಮೇಲೆ ಹೇಳ್ತೀನಿ."

ಮನಸ್ಸಿಲ್ಲದ ಮನಸ್ಸಿನಿಂದ ಆತ ಕೈ ಚಾಚಿದ. ಮೊದಲ ತಟ್ಟೆಯ ಮೇಲೆ ಬೆರಳಾಡಿಸಿ, "ನುಣ್ಣಗಿದೆ, ಹೊಸ ರಟ್ಟಿನ ಹಾಗೆ" ಎಂದ. ಎರಡನೆಯದಕ್ಕೆ, "ಸ್ವಲ್ಪ ಧೂಳು ಧೂಳು." ಮೂರನೆಯದಕ್ಕೆ ಬೆರಳಿಟ್ಟವನು ಹುಬ್ಬು ಗಂಟಿಕ್ಕಿದ. "ಅಯ್ಯಯ್ಯ, ಇದೇನು ಮರ ಉಜ್ಜೋ ಉಪ್ಪುಕಾಗದ!"

"ಅದು ನಾನು ನಿಮ್ಮ ಗಿಡಕ್ಕೆ ದಿನಾ ಹಾಕ್ತಿದ್ದ ನೀರು ರೀ. ಫಿಲ್ಟರ್ ಪೈಪಿಂದ ಹಿಡಿದಿಟ್ಟಿದ್ದು. ಬೇರು ಸುಟ್ಟಿದ್ದು ಅದು. ನಿಮ್ಮ ಕೈ ಅಲ್ಲ." ಹೇಳುತ್ತಾ ಹೇಳುತ್ತಾ ಅವಳ ದನಿ ಒಡೆಯಿತು.

ಆತ ತಡಕಾಡುತ್ತಾ ಅವಳ ಕೈ ಹುಡುಕಿ ಹಿಡಿದುಕೊಂಡ. "ಹುಚ್ಚಿ, ಅಳ್ತೀಯಾ ಯಾಕೆ? ಪ್ರೀತಿಯಿಂದ ತಾನೇ ಹಾಕಿದ್ದು. ನಾದಿನಿ ಇದ್ದಾಳಲ್ಲ, ಈಗ ಏನು ಮಾಡ್ಬೇಕು ಕೇಳು."

ನಾದಿನಿ ಆಗಲೇ ಸೆರಗು ಸಿಕ್ಕಿಸಿ ನಿಂತಿದ್ದಳು. "ಭಾವ, ಮೊದಲು ಮಣ್ಣಿನ ಮೇಲಿನ ಬಿಳಿ ಪದರ ಕೆರೆದು ತೆಗೀಬೇಕು. ಆಮೇಲೆ ಕುಂಡಕ್ಕೆ ಫಿಲ್ಟರಿನ ಕುಡಿಯೋ ನೀರನ್ನ ನಿಧಾನಕ್ಕೆ ಸುರೀಬೇಕು, ಕೆಳಗಿನ ತೂತಿಂದ ಚೆನ್ನಾಗಿ ಇಳಿದು ಹೋಗೋವರೆಗೆ. ಕುಂಡದ ಅಡಿಯ ತಟ್ಟೇಲಿ ನಿಂತ ನೀರನ್ನ ಚೆಲ್ಲಿಬಿಡಿ, ಮತ್ತೆ ಬೇರಿಗೆ ಕುಡಿಸಬೇಡಿ."

"ಕುಡಿಯೋ ನೀರನ್ನ ಗಿಡಕ್ಕಾ?" ಹನಿಯಮ್ಮ ಕಣ್ಣೀರು ಒರೆಸಿಕೊಳ್ಳುತ್ತಲೇ ವಾದಕ್ಕೆ ನಿಂತಳು.

"ಮೂರು ಕುಂಡಕ್ಕೆ ಎಷ್ಟು ಬೇಕು? ಇವತ್ತು ಒಂದಿಷ್ಟು ಜಾಸ್ತಿ, ನಾಳೆಯಿಂದ ಮಣ್ಣು ಒಣಗಿದಾಗ ಒಂದೊಂದು ಲೋಟ. ಅದಕ್ಕೇ ಸ್ವಲ್ಪ ಬೋರ್‌ವೆಲ್ ನೀರು ಬೆರೆಸಿದ್ರೂ ನಡೆಯುತ್ತೆ, ಗಿಡಕ್ಕೂ ಒಂಚೂರು ಸುಣ್ಣ ಬೇಕಲ್ಲ. ಮಳೆ ನೀರು ಸಿಕ್ಕರೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ."

"ಫಿಲ್ಟರ್ ಇಲ್ಲದವರು ಏನು ಮಾಡ್ಬೇಕಮ್ಮ?" ಗಂಡ ಕೇಳಿದ.

"ಚೆನ್ನಾಗಿ ಕುದಿಸಿ, ಅಲ್ಲಾಡಿಸದೆ ಪೂರ್ತಿ ಆರೋಕೆ ಬಿಡಬೇಕು ಭಾವ. ಒಂದಷ್ಟು ಸುಣ್ಣ ತಳಕ್ಕೆ ಕೂರುತ್ತೆ. ಮೇಲಿನ ತಿಳಿ ಬಗ್ಗಿಸಿಕೊಂಡು ಹಾಕಬೇಕು. ಎಲ್ಲ ಗಡಸೂ ಹೋಗಲ್ಲ, ಆದ್ರೂ ಎಷ್ಟೋ ವಾಸಿ. ಉಪ್ಪು ತುಂಬಿ ನೀರನ್ನ ಮೆದು ಮಾಡೋ ಯಂತ್ರ ಬರುತ್ತಲ್ಲ, ಅದರ ನೀರು ಮಾತ್ರ ಬೇಡ. ಸೋಪಿಗೆ ನೊರೆ ಬರುತ್ತೆ, ಗಿಡಕ್ಕೆ ಉಪ್ಪು ಬರುತ್ತೆ."

"ಹಾಗಾದ್ರೆ ನನ್ನ ಬಕೆಟ್ಟು?" ಹನಿಯಮ್ಮನ ಚಿಂತೆ ಹನಿಯಮ್ಮನಿಗೆ.

"ಬಕೆಟ್ಟು ಅಲ್ಲೇ ಇರಲಿ ಮಹಾತಾಯಿ! ನೆಲ ಒರೆಸು, ಕಕ್ಕಸಿಗೆ ಹಾಕು. ಚೆಲ್ಲು ಅಂತ ನಾನು ಹೇಳಿದ್ನಾ?"

ಮೂವರೂ ನಕ್ಕರು. ಆ ಮಧ್ಯಾಹ್ನ ಮಣ್ಣು ಕೆರೆದದ್ದು, ನೀರು ಸುರಿದದ್ದು, ಒಣ ತುದಿಗಳನ್ನು ಕತ್ತರಿಸಿದ್ದು ಎಲ್ಲವೂ ಭಾವನ ಕೈಯಿಂದಲೇ. ಹನಿಯಮ್ಮ ತನ್ನ ಹೊಲಿಗೆ ಕತ್ತರಿಯನ್ನೇ ಕೊಟ್ಟಳು. ಯಾರಿಗೂ ಮುಟ್ಟಲು ಬಿಡದ ಕತ್ತರಿ ಅದು. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ, ಹೊಸ ಚಿಗುರು ಬರುವವರೆಗೆ ತಾಳ್ಮೆ ಬೇಕು ಎಂದು ಎಚ್ಚರಿಸಿ ತಂಗಿ ಊರಿಗೆ ಹೊರಟಳು.

ತಾಳ್ಮೆಗೇನು ಕೊರತೆ! ಮಣ್ಣು ಒಣಗಿದಾಗಲೆಲ್ಲ ಲೋಟದಲ್ಲಿ ನೀರು ತಂದುಕೊಡುವುದು ಅವಳ ಕೆಲಸ, ಮುಟ್ಟಿ ನೋಡಿ ಎರೆಯುವುದು ಅವನ ಕೆಲಸ. ಪುದೀನ ಮೊದಲು ಚೇತರಿಸಿಕೊಂಡಿತು, ಮನಿಪ್ಲಾಂಟ್ ಹಸಿರು ಎಲೆ ಬಿಟ್ಟಿತು. ಫರ್ನ್ ಮಾತ್ರ ಸುಮ್ಮನಿತ್ತು. ಒಂದು ದಿನ ಹನಿಯಮ್ಮ ಹೊಲಿಗೆಯ ಮೇಲೆ ಬಗ್ಗಿದ್ದಾಗ ಕಿಟಕಿಯ ಕಡೆಯಿಂದ ಕೂಗು ಕೇಳಿತು.

"ಲೇ, ಫರ್ನಿನ ಬುಡದಲ್ಲಿ ಏನೋ ಸುರುಳಿ ಸುತ್ತಿಕೊಂಡು ಕೂತಿದೆ ನೋಡು!"

ಅವಳು ಓಡಿ ಬಂದು ನೋಡಿದಳು, ಏನೂ ಕಾಣಲಿಲ್ಲ. ಆತ ಅವಳ ಬೆರಳು ಹಿಡಿದು ಹಳೆಯ ಎಲೆಗಳ ಅಡಿಗೆ ಒಯ್ದ. ಅಲ್ಲಿತ್ತು, ಕಡಲೆಕಾಳಿನಷ್ಟು ಗಾತ್ರದ ಎಳೆಯ ಚಿಗುರು. ಎರಡು ಕಣ್ಣಿದ್ದೂ ಅವಳಿಗೆ ಕಾಣದ್ದು ಅವನ ಕೈಗೆ ಸಿಕ್ಕಿತ್ತು.

"ಯಾರ್ರೀ ಹೇಳಿದ್ದು, ಕೈಗುಣ ಹೋಯ್ತು ಅಂತ?" ಎಂದು ಅವಳು ಗದರಿದಳು. ಆತ ನಾಚಿಕೊಂಡು ನಕ್ಕ.

ಬಂಧುಗಳೇ, ನಿಮ್ಮ ಮನೆಯ ಕುಂಡದ ಅಂಚಿನಲ್ಲೂ ಬಿಳಿ ಹರಳು ಕಂಡರೆ ತಡಮಾಡಬೇಡಿ. ಒಂದು ತಟ್ಟೆಯಲ್ಲಿ ನೀರು ಬತ್ತಿಸಿ, ತಟ್ಟೆ ಆರಿದ ಮೇಲೆ ಬೆರಳಾಡಿಸಿ ನೋಡಿ. ಗಡಸು ಎಂದು ಗೊತ್ತಾದರೆ ಫಿಲ್ಟರಿನ ಒಳ್ಳೆಯ ನೀರು, ಇಲ್ಲವೇ ಹಿಡಿದಿಟ್ಟ ಮಳೆ ನೀರು, ಅದೂ ಇಲ್ಲದಿದ್ದರೆ ಕುದಿಸಿ ತಿಳಿಯಾದ ನೀರು ಗಿಡಕ್ಕೆ ಕೊಡಿ. ಫಿಲ್ಟರಿನ ಪೈಪಿನಿಂದ ಬರುವ ನೀರನ್ನು ಹನಿಯಮ್ಮನ ಹಾಗೆ ಖಂಡಿತ ಉಳಿಸಿ, ಆದರೆ ನೆಲಕ್ಕೆ, ಬಚ್ಚಲಿಗೆ ಮಾತ್ರ ಬಳಸಿ. ಮತ್ತು ಗಿಡವೊಂದು ಸೊರಗಿದಾಗ ಮನೆಯಲ್ಲಿ ಯಾರಾದರೂ ತಮ್ಮ ಕೈಯನ್ನೇ ದೂರಿಕೊಳ್ಳುತ್ತಿದ್ದರೆ, ಅವರ ಹತ್ತಿರ ಹೋಗಿ ಹೇಳಿ: ತಪ್ಪು ನೀರಿನದು, ಕೈಯದಲ್ಲ.