ಸಾವಕ್ಕನ ಮುಖದ ಅಚ್ಚು

ಬೆಟಗೇರಿಯ ನೇಕಾರರ ಮನೆಯ ರೋಹಿಣಿ ಅಸುಂಡಿಯಲ್ಲಿ ಬಾಡಿಗೆ ಮನೆ ಹಿಡಿದದ್ದು ಶಾಂತಿ ಬೇಕೆಂದು. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಶಾಯಿ ಸವರಿ ಕಾಗದಕ್ಕೆ ಒತ್ತುವುದು ಅವಳ ಕೆಲಸ. ತವರಿನಲ್ಲಿ ಮಗ್ಗಗಳ ಸಪ್ಪಳವಿತ್ತು. ಇಲ್ಲಿ ಮನೆಯೊಡತಿ ಸಾವಕ್ಕನಿದ್ದಳು. ಆರು ತಿಂಗಳು ಆಕೆಯ ಮಾತು ಕೇಳಿದ ರೋಹಿಣಿ ಕಡೆಗೆ ಆಕೆಯ ಮುಖವನ್ನೇ ಬೇವಿನ ಹಲಗೆಯಲ್ಲಿ ಕೆತ್ತಿದಳು.

ಬೆಂಗಳೂರಿನ ಗ್ಯಾಲರಿಯ ಅಜಯಕುಮಾರ ಮೆಚ್ಚಿದ. ಹತ್ತೇ ಪ್ರತಿ ಒತ್ತಿ, ಆಮೇಲೆ ಹಲಗೆಯ ಮೇಲೆ ಅಡ್ಡಗೆರೆ ಕೊರೆದು ಫೋಟೊ ಕಳಿಸಬೇಕೆಂದ. ಹನ್ನೊಂದನೆಯದು ಹುಟ್ಟುವುದಿಲ್ಲವೆಂಬುದಕ್ಕೆ ಕೊಳ್ಳುವವರಿಗೆ ಅದೇ ಸಾಕ್ಷಿ.

ರೋಹಿಣಿ ಒಂದು ಪ್ರತಿಯನ್ನು ಸಾವಕ್ಕನಿಗೆ ತೋರಿಸಿದಳು.

“ಯಾರಕಿ ಇಕಿ? ನನ್ನ ಮೂಗಬಟ್ಟು ಎಡಕ್ಕೈತಿ, ಇಕಿದು ಬಲಕ್ಕೈತಿ.”

“ಒತ್ತಿದಾಗ ಎಡಬಲ ಆಗತೈತ್ರಿ ಯಕ್ಕಾ. ಹಲಗಿ ಮ್ಯಾಲ ಬರೋಬರಿ ಐತಿ.”

“ಹಂಗಾರ ಹಲಗೀನ ಕೊಡು.”

ಚಿತ್ರವೆಂದರೆ ಕಾಗದದ ಮೇಲಿನದೇ ಎಂದು ರೋಹಿಣಿ ತಿಳಿಸಿ ಹೇಳಿದಳು. ಸಾವಕ್ಕ ತಲೆಯಾಡಿಸಿ ಹೋದಳು. ಮರುದಿನ ಆಕೆ ಹಾಲು ಕೊಡಲು ಬಂದಾಗ ಹತ್ತೂ ಪ್ರತಿ ಮುಗಿದು, ಅಡ್ಡಗೆರೆ ಕೊರೆಯಲು ರೋಹಿಣಿಯ ಉಳಿ ಹಲಗೆಯ ಹಣೆಯ ಮೇಲಿತ್ತು.

“ಏ ಯವ್ವಾ! ಜೀವಂತ ಇದ್ದಾಗನ ನನ್ನ ಮಾರಿ ಸೀಳತಿ? ನಾ ನಿನಗ ಏನ ಅಂದೀನಿ?”

ಏನೇನು ಅಂದಿದ್ದಳೆಂದು ಹೇಳಹೊರಟಿದ್ದರೆ ಮಧ್ಯಾಹ್ನವಾಗುತ್ತಿತ್ತು. ಆದರೆ ಆ ಕಣ್ಣಲ್ಲಿ ನೀರು ಕಂಡು ರೋಹಿಣಿ ಉಳಿ ಕೆಳಗಿಟ್ಟಳು. ಹಲಗೆ ಸಾವಕ್ಕನ ಪಾಲಾಯಿತು.

ತನ್ನ ಮುಖಕ್ಕೆ ಹತ್ತಿದ ಮಸಿ ಸಾವಕ್ಕನಿಗೆ ಸರಿಬರಲಿಲ್ಲ. ಬಿಸಿನೀರು, ಸಾಬೂನು ಹಾಕಿ ತಿಕ್ಕಿದಳು, ಬಿಸಿಲಿಗಿಟ್ಟಳು. ಮೂರು ದಿನ ಈ ಉಪಚಾರ ನಡೆಯಿತು. ನಾಲ್ಕನೆಯ ದಿನ ಹಲಗೆ ಹಣೆಯಿಂದ ಗದ್ದದವರೆಗೆ ಸೀಳಿತು.

“ಎಂಥಾ ಕಟಗಿ ತಂದಿದ್ದಿ?” ಎಂದು ಬೈಸಿಕೊಂಡದ್ದು ರೋಹಿಣಿ.

ತಿಂಗಳ ಕೆಲಸ ಒಡೆದದ್ದಕ್ಕೆ ಅವಳಿಗೆ ಸಂಕಟವಾಯಿತು; ತನ್ನ ಕೈಯಿಂದ ಆಗಲಿಲ್ಲವಲ್ಲ ಎಂಬ ಸಮಾಧಾನವೂ ಆಯಿತು. ಅಡ್ಡಗೆರೆಯ ಬದಲು ಸೀಳಿದ ಹಲಗೆಯ ಫೋಟೊ ಕಳಿಸಿದಳು. ಅಜಯಕುಮಾರ ಕೂಡಲೇ ಫೋನ್ ಮಾಡಿದ.

“ಎಂಥ ನೋವಿದೆ ಮೇಡಂ, ಈ ಬಿರುಕಿನಲ್ಲಿ! ಇದನ್ನೂ ಹತ್ತು ಪ್ರತಿ ಒತ್ತಿ.”

“ಹನ್ನೊಂದನೆಯದು ಇರಬಾರದು ಅಂದಿದ್ರಲ್ಲ?”

“ಇದು ಬೇರೆಯೇ ಕೃತಿ, ಮೇಡಂ.”

ರೋಹಿಣಿ ಹಲಗೆ ತರಲು ಹಿತ್ತಲಿಗೆ ಓಡಿದಳು. ಸಾವಕ್ಕ ಬಚ್ಚಲೊಲೆಯ ಮುಂದೆ ಕೂತಿದ್ದಳು. ಒಳಗೆ ಬೇವು ಚಟಪಟ ಉರಿಯುತ್ತಿತ್ತು.

“ಒಡದ ಮಾರಿ ಮನ್ಯಾಗ ಇಡಬಾರದವ್ವಾ, ಒಲಿಗೆ ಹಾಕಿದೆ,” ಎಂದಳು. “ನೀರು ಕಾದಾವು. ಜಲ್ದಿ ಜಳಕ ಮಾಡು ಬಾ.”