ಇಪ್ಪತ್ತನಾಲ್ಕು ಕುರ್ಚಿಗಳಿಗೊಂದು ಸ್ಪ್ರೇ ಗನ್

ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಮೂವತ್ನಾಲ್ಕು ವರ್ಷ ಕಡತಗಳ ನಡುವೆ ಕಳೆದು ನಿವೃತ್ತಳಾದ ಮೇಲೆ ಸುಮಿತ್ರಾ ಮರಗೆಲಸ ಕಲಿತಳು. ರಾಜಧಾನಿಯ ರೋಹಿಣಿ ಬಡಾವಣೆಯಲ್ಲಿದ್ದ ಅವರ ಫ್ಲ್ಯಾಟು ನೆಲಮಹಡಿಯದು. ಹಿಂದೆ ಚಿಕ್ಕದೊಂದು ಅಂಗಳ. ಅದಕ್ಕೆ ತಗಡಿನ ಚಾವಣಿ ಹಾಕಿಸಿ, ಗರಗಸ, ಉಳಿಗಳನ್ನು ಜೋಡಿಸಿಕೊಂಡಳು. ಗಂಡ ಬಸವರಾಜ ಮೊದಮೊದಲು ನಕ್ಕ. ಆಮೇಲೆ ಬಂದವರನ್ನೆಲ್ಲ ತಾನೇ ಕರೆದೊಯ್ದು ಅಂಗಳ ತೋರಿಸತೊಡಗಿದ.

ಕತ್ತರಿಸುವುದು, ಕೂಡಿಸುವುದನ್ನೆಲ್ಲ ಅವಳು ವಿಡಿಯೋ ನೋಡಿ ಕಲಿತಿದ್ದಳು. ಪಾಲಿಶ್ ಮಾತ್ರ ಕಲಿಸಿದವನು ಕಿಶನ್. ಎರಡು ಬೀದಿಯಾಚೆ ಅವನ ಮನೆ. ಕನ್ನಡ ಬಾರದು, ಹಿಂದಿಯಲ್ಲೇ ಮಾತು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯುಂಡೆಯನ್ನು ಅದರಲ್ಲಿ ಅದ್ದಿ, ಸುತ್ತಿ ಸುತ್ತಿ ಉಜ್ಜಿ ಮರಕ್ಕೆ ಕನ್ನಡಿಯ ಹೊಳಪು ತರುತ್ತಿದ್ದವನು. ಎರಡು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ಹತ್ತು ನಿಮಿಷ ಉಜ್ಜಿದರೆ ನೋವು ಮೊಣಕೈವರೆಗೂ ಏರುತ್ತಿತ್ತು. ಕೆಲಸ ಬಿಟ್ಟ. ಮಗನ ಮೊಬೈಲ್ ಅಂಗಡಿಯಲ್ಲಿ ಸುಮ್ಮನೆ ಕೂತಿರುತ್ತಿದ್ದ.

ಆ ವರ್ಷ ಬೇಸಿಗೆಯಲ್ಲಿ, ಅಲ್ಲಿನ ಕನ್ನಡಿಗರು ಭಾನುವಾರ ನಡೆಸುವ ಕನ್ನಡ ತರಗತಿಯ ಮಕ್ಕಳಿಗೆಂದು ಸುಮಿತ್ರಾ ಇಪ್ಪತ್ತನಾಲ್ಕು ಪುಟ್ಟ ಕುರ್ಚಿಗಳನ್ನು ಮಾಡಲು ಒಪ್ಪಿಕೊಂಡಳು. ಮಾವಿನ ಮರದ ಕುರ್ಚಿ, ಒರಗುವ ಕಡೆ ಏಳೇಳು ತೆಳು ಕಡ್ಡಿ. ಮರಗೆಲಸವೇನೋ ಸಲೀಸಾಗಿ ಮುಗಿಯಿತು. ವಾರ್ನಿಷ್ ಹಚ್ಚಲು ಕೂತಾಗ ಕಷ್ಟ ಶುರುವಾಯಿತು. ಬ್ರಷ್ಷು ಕಡ್ಡಿಗಳ ಸಂದಿಗೆ ಹೋಗದು. ಹೋದರೂ ವಾರ್ನಿಷ್ ಹಿಂದುಗಡೆ ಹನಿಹನಿಯಾಗಿ ಇಳಿದು ಗಟ್ಟಿಯಾಗುತ್ತಿತ್ತು. ಒಂದೇ ಕುರ್ಚಿಗೆ ಎರಡು ದಿನ ಹಿಡಿಯಿತು.

"ಸ್ಪ್ರೇ ಗನ್ ತಗೊಳ್ಳೇ. ಹೀಗೇ ಆದ್ರೆ ಆ ಮಕ್ಕಳು ಕಾಲೇಜಿಗೆ ಹೋಗಿರ್ತಾರೆ" ಎಂದ ಬಸವರಾಜ.

"ಯಾವುದು ತಗೊಳ್ಳೋದು ರೀ? ನೂರಾರು ಥರ ಇವೆ. ಕಿಶನ್ ಭಯ್ಯಾನ್ನ ಕರ್ಕೊಂಡು ಹೋಗ್ತೀನಿ."

ಕಿಶನ್ ಮೊದಲು ಒಪ್ಪಲಿಲ್ಲ. "ಮಶೀನಿಂದ ಹೊಡೆದದ್ದು ಪಾಲಿಶ್ ಅಲ್ಲ ದೀದಿ, ಬಣ್ಣ ಬಳಿಯೋದು. ನನ್ನನ್ನ ಯಾಕೆ ಕೇಳ್ತೀರಿ?"

"ನನಗೆ ಮಶೀನ್ ಆರಿಸೋರು ಬೇಡ. ಅದು ಮಾಡೋ ತಪ್ಪು ಹಿಡಿಯೋರು ಬೇಕು."

ಅದಕ್ಕೆ ಅವನು ನಕ್ಕುಬಿಟ್ಟ. "ತಪ್ಪು ಹಿಡಿಯೋಕಾದ್ರೆ ಬರ್ತೀನಿ. ಆದ್ರೆ ಒಂದು ಕುರ್ಚಿ, ನಿಮ್ಮದೇ ವಾರ್ನಿಷ್ ಜೊತೆಗಿರಲಿ."

ಹೀಗೆ ಮರುದಿನ ಬೆಳಿಗ್ಗೆ, ಬಣ್ಣ ಕಾಣದ ಒಂದು ಕುರ್ಚಿಯನ್ನು ಆಟೋದಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಕೀರ್ತಿ ನಗರಕ್ಕೆ ಹೋದರು. ಪೀಠೋಪಕರಣದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಯಂತ್ರಗಳ ಅಂಗಡಿ. ಮಾಲೀಕ ಒಂದು ಗನ್ನಿನಲ್ಲಿ ನೀರು ತುಂಬಿ ರಟ್ಟಿನ ಮೇಲೆ ಹೊಡೆದು ತೋರಿಸಿದ. "ನೋಡಿ ಹೇಗೆ ಹರಡಿತು!"

"ನೀರು ಎಲ್ಲದರಲ್ಲೂ ಚೆನ್ನಾಗೇ ಹರಡುತ್ತೆ" ಎಂದ ಕಿಶನ್. "ಇದನ್ನ ಹಾಕಿ ಹೊಡೀರಿ." ವಾರ್ನಿಷ್ ಡಬ್ಬಿ ಮುಂದಿಟ್ಟ.

ಮಾಲೀಕನಿಗೆ ಇಷ್ಟವಾಗಲಿಲ್ಲ. ಆದರೂ ಹಿತ್ತಲಿನ ಶೆಡ್ಡಿಗೆ ಕರೆದೊಯ್ದ. ಮೊದಲನೆಯದು ದೊಡ್ಡ ಗಾಳಿ ಟ್ಯಾಂಕಿನ ಕಂಪ್ರೆಸರಿಗೆ ಜೋಡಿಸುವ ಗನ್. ಕುರ್ಚಿಯ ಕಾಲು ನುಣ್ಣಗೆ ಹೊಳೆಯಿತು. ಆದರೆ ಶೆಡ್ಡಿನ ತುಂಬ ಬಿಳಿ ಮಂಜು ಕವಿಯಿತು, ಕಿಶನ್‌ನ ಮೀಸೆ ಇನ್ನಷ್ಟು ಬೆಳ್ಳಗಾಯಿತು. ಸುಮಿತ್ರಾಳಿಗೆ ಮೇಲಿನ ಮಹಡಿಯ ಹರ್ಷಿಣಿ ನೆನಪಾದಳು. ಹುಬ್ಬಳ್ಳಿಯಿಂದ ಬಂದು ಗುರುಗ್ರಾಮದ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ. ಆಫೀಸಿನ ಬಟ್ಟೆಗಳನ್ನೆಲ್ಲ ಅಂಗಳದ ಮೇಲಿನ ಬಾಲ್ಕನಿಯಲ್ಲೇ ಒಣಹಾಕುತ್ತಿದ್ದಳು.

"ಫಿನಿಶ್ ಚೆನ್ನಾಗಿದೆ. ಆದ್ರೆ ಅರ್ಧ ವಾರ್ನಿಷ್ ನೆರೆಮನೆಗೆ ಹೋಗುತ್ತೆ. ನನ್ನ ಅಂಗಳಕ್ಕೆ ಆಗಲ್ಲ" ಎಂದಳು.

ಎರಡನೆಯದು ಹಿಡಿಯ ಮೇಲೇ ಮೋಟಾರಿದ್ದ ಗನ್. ಮಂಜು ಕಡಿಮೆ, ಆದರೆ ಕೈಯಲ್ಲಿ ಇಟ್ಟಿಗೆ ಹಿಡಿದಷ್ಟು ಭಾರ. ವಾರ್ನಿಷ್ಷನ್ನು ಹನಿಹನಿಯಾಗಿ ಉಗುಳಿತು. ಕಿಶನ್ ಕುರ್ಚಿಯ ಕಾಲನ್ನು ಬೆಳಕಿಗೆ ಓರೆಯಾಗಿ ಹಿಡಿದು, "ಕಿತ್ತಳೆ ಸಿಪ್ಪೆ ನೋಡಿದೀರಾ? ಹಾಗಿದೆ" ಎಂದ.

ಮೂರನೆಯದರಲ್ಲಿ ಗಾಳಿ ಊದುವ ಪೆಟ್ಟಿಗೆ ನೆಲದ ಮೇಲೆ. ಅಲ್ಲಿಂದ ದಪ್ಪ ಪೈಪು, ತುದಿಯಲ್ಲಿ ಹಗುರವಾದ ಗನ್. ಗಾಳಿ ಹೆಚ್ಚು, ಒತ್ತಡ ಕಡಿಮೆ. ಹಾಗಾಗಿ ವಾರ್ನಿಷ್ ಆಚೀಚೆ ಹಾರದೆ ಮರದ ಮೇಲೇ ಕೂರುತ್ತದೆ ಎಂದ ಮಾಲೀಕ. ಸುಮಿತ್ರಾ ತಾನೇ ಹಿಡಿದು ಹೊಡೆದಳು. ಕಡ್ಡಿಯ ತುದಿ ಬಂದಾಗ ಕೈ ನಿಂತಿತು. ಅಲ್ಲಿ ವಾರ್ನಿಷ್ ದಪ್ಪವಾಗಿ ಜಾರಿತು.

"ಅರೇ, ಕೈ ನಿಲ್ಲಿಸಬೇಡಿ ದೀದಿ! ಮರ ಮುಗಿದ ಮೇಲೂ ಕೈ ಹೋಗ್ತಾನೇ ಇರಬೇಕು. ಕೊಡಿ ಇಲ್ಲಿ."

ಅವಳ ಕೈಯಿಂದ ಗನ್ ಕಿತ್ತುಕೊಂಡವನೇ ಕಿಶನ್ ಕುರ್ಚಿಯ ಮುಂದೆ ಕಾಲು ಅಗಲಿಸಿ ನಿಂತ. ಭುಜದಿಂದ ಇಡೀ ತೋಳು ಎಡದಿಂದ ಬಲಕ್ಕೆ ತೇಲಿತು, ಮತ್ತೆ ಬಲದಿಂದ ಎಡಕ್ಕೆ. ಏಳು ಕಡ್ಡಿಗಳೂ, ಸಂದಿಗಳೂ ಒಂದೇ ಸಮನೆ ಒದ್ದೆಯಾಗಿ ಮಿನುಗಿದವು. ಹನಿ ಎಲ್ಲೂ ಇಳಿಯಲಿಲ್ಲ. ಕಿಶನ್ ಗನ್ ಇಳಿಸಿ, ಬಲಗೈ ಮಣಿಕಟ್ಟನ್ನು ಎಡಗೈಯಿಂದ ಹಿಡಿದು ನೋಡಿಕೊಂಡ.

"ಏನಾಯ್ತು? ನೋವಾ?"

"ಇಲ್ಲ ದೀದಿ" ಎಂದ ಮೆಲ್ಲಗೆ. "ಮಣಿಕಟ್ಟು ತಿರುಗಿಸೋದೇ ಬೇಕಾಗಲಿಲ್ಲ. ಏನೂ ಆಗಲಿಲ್ಲ."

ಅದನ್ನೇ ಕೊಂಡರು. ದಾರಿಯುದ್ದಕ್ಕೂ ಕಿಶನ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

ಮರುದಿನ ಹನ್ನೊಂದು ಗಂಟೆಗೆ ಸುಮಿತ್ರಾ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಒಬ್ಬಳೇ ಶುರುಮಾಡಿದಳು. ಕಿಶನ್ ಹೇಳಿದಂತೆಯೇ ಕೈ ನಿಲ್ಲಿಸದೆ ನಾಲ್ಕು ಕುರ್ಚಿಗೆ ಹೊಡೆದಳು. ಒಣಗಿದ ಮೇಲೆ ಸವರಿ ನೋಡಿದರೆ ಮೈಯೆಲ್ಲ ಮರಳು ಕಾಗದದ ಹಾಗೆ ತರಿತರಿ. ಅವಳಿಗೆ ಅಳುವೇ ಬಂತು.

"ವಾಪಸ್ ಕೊಟ್ಟುಬಿಡು" ಎಂದ ಬಸವರಾಜ. "ತಪ್ಪು ಆರಿಸಿದೀರಿ ಅಂತ ಕಾಣುತ್ತೆ."

ಸುಮಿತ್ರಾ ಫೋನ್ ಮಾಡಿದ ಹತ್ತೇ ನಿಮಿಷಕ್ಕೆ ಕಿಶನ್ ಬಂದ. ಕುರ್ಚಿ ಮುಟ್ಟಿದ. ಯಂತ್ರ ಚಾಲೂ ಮಾಡಿ ಪೈಪಿನ ಮೇಲೆ ಅಂಗೈಯಿಟ್ಟ, ಗನ್ನಿನ ಬಾಯಿಗೆ ಕೆನ್ನೆ ಹಿಡಿದ. ಆಮೇಲೆ ಹೊರಗಿನ ಬಿಸಿಲನ್ನು ನೋಡಿದ. ಜೂನ್ ತಿಂಗಳು, ಲೂ ಎನ್ನುವ ಬಿಸಿಗಾಳಿಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ.

"ಗನ್ನಿನ ತಪ್ಪಲ್ಲ ದೀದಿ. ನಿಮ್ಮ ಕೈದೂ ಅಲ್ಲ. ಪೆಟ್ಟಿಗೆ ಗಾಳಿಯನ್ನ ಕಾಯಿಸಿ ಕಳಿಸುತ್ತೆ. ಹೊರಗೆ ಲೂ ಬೀಸ್ತಾ ಇದೆ, ಪೈಪಲ್ಲೂ ಲೂ ಬೀಸ್ತಾ ಇದೆ. ವಾರ್ನಿಷ್ ಮರ ಮುಟ್ಟೋ ಮೊದಲೇ ಒಣಗಿ ಪುಡಿಯಾಗ್ತಿದೆ."

"ಹಾಗಾದ್ರೆ ಮಳೆಗಾಲದವರೆಗೂ ಕಾಯೋದಾ?"

"ಯಾಕೆ ಕಾಯೋದು? ನಾಳೆ ಬೆಳಿಗ್ಗೆ ಐದೂವರೆಗೆ ಬರ್ತೀನಿ. ದೊಡ್ಡ ಟಬ್ ಇದೆಯಾ?"

ಕಿಶನ್ ಹೇಳಿದ ಹೊತ್ತಿಗೇ ಬಂದ, ಜೊತೆಗೆ ಎಲ್ಲಿಂದಲೋ ತಂದ ಇನ್ನೊಂದು ಉದ್ದನೆಯ ಪೈಪು. ಎರಡನ್ನೂ ಜೋಡಿಸಿ, ನಡುವಿನ ಭಾಗವನ್ನು ಸುರುಳಿ ಸುತ್ತಿ, ಬಟ್ಟೆ ನೆನೆಸುವ ನೀಲಿ ಟಬ್ಬಿನ ನೀರಿನಲ್ಲಿ ಮುಳುಗಿಸಿ ಮೇಲೊಂದು ಕಲ್ಲು ಹೇರಿದ. ಬಸವರಾಜ ಫ್ರಿಜ್ಜಿನ ಐಸನ್ನೆಲ್ಲ ತಂದು ಸುರಿದ. ಧೂಳು ಏಳದಂತೆ, ಗಾಳಿ ತೇವವಾಗಿರಲೆಂದು ಸುಮಿತ್ರಾ ಅಂಗಳಕ್ಕೆಲ್ಲ ನೀರು ಚಿಮುಕಿಸಿದಳು. ತರಿತರಿಯಾಗಿದ್ದ ನಾಲ್ಕು ಕುರ್ಚಿಗಳನ್ನು ಉಜ್ಜಿ ನುಣುಪು ಮಾಡಿ, ಮೊದಲು ಅವಕ್ಕೇ ಹೊಡೆದರು. ಈಗ ಗನ್ನಿನಿಂದ ಬಂದ ಗಾಳಿ ತಣ್ಣಗಿತ್ತು.

ಎಂಟು ಗಂಟೆಗೆ ಕೆಲಸ ನಿಲ್ಲಿಸಿ ಕಾದರು. ಹತ್ತಕ್ಕೆ ಕಿಶನ್ ಕಣ್ಣು ಮುಚ್ಚಿ ಕುರ್ಚಿಯ ಬೆನ್ನಿನ ಮೇಲೆ ಬೆರಳು ಓಡಿಸಿದ. ಸುಮಿತ್ರಾ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಕೈ ಪಾಲಿಶ್‌ನಷ್ಟಿಲ್ಲ" ಎಂದ. ಕಣ್ಣು ಬಿಟ್ಟ. "ಆದ್ರೆ ತಪ್ಪು ಮಾತ್ರ ಸಿಗ್ತಿಲ್ಲ."

ಅಲ್ಲಿಂದ ಒಂಬತ್ತು ದಿನ ಬೆಳಗಿನ ಜಾವ ಅದೇ ಕೆಲಸ. ಒಂದು ದಿನ ಅವಳು ಹೊಡೆದರೆ ಮರುದಿನ ಅವನು. ಯಂತ್ರದ ಸದ್ದಿಗೆ ಎದ್ದ ಹರ್ಷಿಣಿ ಬಾಲ್ಕನಿಯಿಂದ ಇಣುಕಿ, "ಆಂಟಿ, ಅಲಾರಂ ಇಡೋದೇ ಬೇಡ ಈಗ, ಜಿಮ್ ಮಿಸ್ ಆಗ್ತಿಲ್ಲ!" ಎಂದಳು. ಅವಳ ಬಟ್ಟೆಯ ಮೇಲೆ ಒಂದು ಚುಕ್ಕೆಯೂ ಬಿದ್ದಿರಲಿಲ್ಲ.

ಜುಲೈನ ಮೊದಲ ಭಾನುವಾರ ತರಗತಿ ಶುರುವಾಯಿತು. ಸುಮಿತ್ರಾ ಬಲವಂತ ಮಾಡಿ ಕಿಶನ್‌ನನ್ನೂ ಕರೆದುಕೊಂಡು ಹೋದಳು. ಮಕ್ಕಳು ನುಗ್ಗಿ ಬಂದು ಕುರ್ಚಿಗಳನ್ನು ನೆಲದ ಮೇಲೆ ಎಳೆದಾಡಿದಾಗ ಅವನ ಜೀವ ಹೋಗಿ ಬಂದಂತಾಯಿತು. ಎರಡು ಜಡೆಯ ಒಬ್ಬಳು ಹುಡುಗಿ ಕೂತು, ಎದ್ದು, ಮತ್ತೆ ಕೂತು, ಕಡ್ಡಿಗಳನ್ನು ಸವರಿ, "ಇದು ಕಿತನಾ ಸ್ಮೂತ್ ಇದೆ!" ಎಂದಳು.

"ನುಣುಪು ಅನ್ನಬೇಕು ಪುಟ್ಟಿ" ಎಂದಳು ಟೀಚರ್.

"ನುಣುಪು" ಎಂದು ಇಡೀ ತರಗತಿ ಕೂಗಿತು.

"ಏನಂತೆ ದೀದಿ?" ಕಿಶನ್ ಕೇಳಿದ. ಸುಮಿತ್ರಾ ಅರ್ಥ ಹೇಳಿದಳು. ಅವನು ಆ ಪದವನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡ.

ವಾಪಸ್ ಬರುವಾಗ ಆಟೋದಲ್ಲಿ ಅವನೇ ಮಾತು ತೆಗೆದ. ಏಳನೇ ಸೆಕ್ಟರಿನಲ್ಲಿ ಯಾರೋ ಹಳೆಯ ಗಿರಾಕಿ, ಹನ್ನೆರಡು ಬಾಗಿಲುಗಳಿಗೆ ಪಾಲಿಶ್ ಬೇಕಂತೆ. ತಾನಿನ್ನೂ ಹೂಂ ಅಂದಿಲ್ಲ.

"ಮಶೀನ್ ತಗೊಂಡು ಹೋಗಿ. ನನಗೆ ದಸರಾವರೆಗೂ ಅದರ ಕೆಲಸ ಇಲ್ಲ."

"ಮಶೀನ್ ಸರಿ. ಆದ್ರೆ ಹನ್ನೆರಡು ಬಾಗಿಲು, ದೀದಿ. ಒಬ್ಬನ ಕೈಲಿ ಆಗಲ್ಲ."

ಸುಮಿತ್ರಾ ಅವನತ್ತ ತಿರುಗಿದಳು. "ಎಷ್ಟು ಹೊತ್ತಿಗೆ ಬರಲಿ?"

"ಐದೂವರೆಗೆ" ಎಂದ ಕಿಶನ್.