ಕಾಲೂರುವಷ್ಟು ಎತ್ತರ

“ಅಕ್ಕಾ, ಈ ಸೀಟಿನ ಮೇಲೆ ಭಾವ ಕೂರ್ತಾರೆ ಅಂದ್ರೆ ನಾನು ನಂಬಲ್ಲ.”

ಸೈಕಲ್ಲಿನ ಸೀಟಿಗೆ ಎರಡೇಟು ತಟ್ಟಿ ತಮ್ಮ ಹೇಳಿದ. ಸೈಕಲ್ ಅಂಗಡಿ ಇಟ್ಟವನು. ಅಕ್ಕನ ಮನೆಗೆ ಬಂದರೂ ಮೊದಲು ಸೈಕಲ್ಲಿನ ಯೋಗಕ್ಷೇಮ, ಆಮೇಲೆ ಅಕ್ಕನದು. ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು ಲಾಂಡ್ರಿಯ ಶರ್ಟುಗಳಿಗೆ ಗುಂಡಿ ಹಾಕುತ್ತಿದ್ದಳು. ಅದೇ ಲಾಂಡ್ರಿಯ ಬಟ್ಟೆಗಳನ್ನು ಸೈಕಲ್ಲಿನಲ್ಲಿ ಮನೆಮನೆಗೆ ತಲುಪಿಸುವುದು ಗಂಡನ ಕೆಲಸ. ಈಗ ಅವನು ಎರಡೂ ಮಂಡಿಗೆ ಮುಲಾಮು ಮೆತ್ತಿಕೊಂಡು ಒಳಗೆ ಮಲಗಿದ್ದ. ತಿಂಗಳಿಂದೀಚೆಗೆ ಅವನಿಗೆ ಮೆಟ್ಟಿಲು ಹತ್ತುವುದೂ ಕಷ್ಟವಾಗಿತ್ತು.

“ಅಷ್ಟುದ್ದದ ಮನುಷ್ಯ ಇಷ್ಟು ಕೆಳಗೆ ಕೂತು ತುಳಿದ್ರೆ ಮಂಡಿ ನೋಯದೆ ಇನ್ನೇನಾಗುತ್ತೆ? ನೀನು ನೋಡಿದ್ರೆ ಮುಲಾಮು ತಿಕ್ತಾ ಕೂತಿದೀಯ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ!”

“ಮತ್ತೆ ಇಷ್ಟು ಕೆಳಗೆ ಯಾಕೆ ಇಳಿಸಿದಾರೆ?”

“ನನಗೇನು ಗೊತ್ತು? ಹೊಸದಾಗಿ ಕಲಿಯೋರಿಗಾದ್ರೆ ಹೀಗೆ ಇಳಿಸಿಕೊಡ್ತೀವಿ. ಎರಡು ಪಾದಾನೂ ನೆಲಕ್ಕೆ ಊರಬೇಕಲ್ಲ.”

ಸೀಟು ಏರಿಸಿ, ಸ್ಪ್ಯಾನರೊಂದನ್ನು ಅಕ್ಕನ ಕೈಗಿಟ್ಟು ತಮ್ಮ ಹೋದ. ಹೋಗುವಾಗ ಅವಳ ತಲೆಗೊಂದು ಹುಳ ಬಿಟ್ಟು ಹೋದೆನೆಂಬುದು ಪಾಪ ಅವನಿಗೆ ತಿಳಿಯಲಿಲ್ಲ.

ಮದುವೆಯಾದ ಹೊಸತರಲ್ಲಿ ಗಂಡ ಅವಳಿಗೂ ಸೈಕಲ್ ಕಲಿಸಲು ಹೊರಟಿದ್ದ. ಹಿಂದಿನ ಕ್ಯಾರಿಯರ್ ಹಿಡಿದುಕೊಂಡು ಓಡುತ್ತ, “ತುಳಿಯೇ, ನಾನು ಬಿಡಲ್ಲ” ಎನ್ನುತ್ತಿದ್ದ. ಅವಳು ಕೊನೆಗೂ ಕಲಿಯಲಿಲ್ಲ. ಕಲಿತುಬಿಟ್ಟರೆ ಅವನು ಕೈಬಿಡುತ್ತಾನಲ್ಲ ಎಂದು ಬೇಕೆಂದೇ ಅತ್ತಿತ್ತ ವಾಲುತ್ತಿದ್ದಳು. ಅದನ್ನು ಅವನಿಗೆ ಇವತ್ತಿನವರೆಗೂ ಹೇಳಿರಲಿಲ್ಲ. ಈಗ ಅದೇ ಕ್ಯಾರಿಯರ್ ಹಿಡಿದು ಅವನು ಯಾವಳ ಹಿಂದೆ ಓಡುತ್ತಿದ್ದಾನೆ?

ಗಂಡ ಎದ್ದಾಗ ನೀರು ಕೊಡುತ್ತ ಕೇಳಿದಳು. “ಸೈಕಲ್ ಸೀಟು ಯಾಕ್ರೀ ಅಷ್ಟು ಕೆಳಗಿತ್ತು?”

ಲೋಟ ಬಾಯಿಯ ಹತ್ತಿರವೇ ನಿಂತಿತು. “ಹಳೇ ಸೈಕಲ್ಲು. ತಾನಾಗೇ ಇಳಿದಿರಬೇಕು.”

ತಾನಾಗೇ ಇಳಿಯಿತಂತೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ಮುಖ.

ಮರುದಿನ ಸೈಕಲ್ ಮನೆಗೆ ಬಂದಾಗ ಸೀಟು ಮತ್ತೆ ಕೆಳಗಿತ್ತು. ಅವಳು ಏರಿಸಿದಳು. ಮತ್ತೆ ಇಳಿಯಿತು. ಮತ್ತೆ ಏರಿಸಿದಳು. ಗಂಡ ಹೆಂಡತಿ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ; ನಡುವೆ ಸೀಟೊಂದು ಬಾವಿಯ ಕೊಡದ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಬಟ್ಟೆ ಅಳೆಯುವ ಟೇಪಿನಲ್ಲಿ ಸೀಟಿನಿಂದ ನೆಲಕ್ಕೆ ಅಳೆದು, ಸೈಕಲ್ ಕಲಿಯುತ್ತಿರುವ ಆ ಹೆಣ್ಣು ತನಗಿಂತ ಗಿಡ್ಡಿಯೇನಲ್ಲ ಎಂದು ಲೆಕ್ಕ ಹಾಕಿದಳು. ಅನುಮಾನಕ್ಕೆ ಕಾಲು ಬಂದಿತ್ತು. ಹಿಂದೊಮ್ಮೆ ಅವನು ಪ್ಯಾಂಟು ಹರಿದುಕೊಂಡು ಬಂದು, ಮೊಳೆಗೆ ಸಿಕ್ಕಿತು ಎಂದಿದ್ದ. ತೇಪೆ ಹಾಕಿದವಳು ಇವಳೇ. ಮೊಳೆಯೂ ಇಲ್ಲ ಗಿಳೆಯೂ ಇಲ್ಲ, ಆ ಹೆಣ್ಣು ಬೀಳದಂತೆ ಹಿಡಿಯಲು ಹೋಗಿ ತಾನು ಬಿದ್ದಿದ್ದಾನೆ. ಈಚೆಗೆ ಹಾಸಿಗೆಯಿಂದ ಎದ್ದವನು ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಕಂಡವರ ಹಿಂದೆ ಓಡಿದರೆ ಸುಸ್ತಾಗದೆ ಇರುತ್ತದೆಯೇ! ಕಾಮಾಲೆ ಕಣ್ಣಿಗೆ ಎಲ್ಲವೂ ಹಳದಿಯೇ. ರಾತ್ರಿ ಅದೇ ಮಂಡಿಗೆ ಮುಲಾಮು ತಿಕ್ಕುವಾಗ ಮಾತ್ರ ಅವಳಿಗೆ ಅಳು ಬರುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಸೀಟು ಏರಿಸಿ, ಗುಂಡಿ ಹಾಕಿದ ಶರ್ಟುಗಳ ಗಂಟನ್ನು ತಾನೇ ಕ್ಯಾರಿಯರಿಗೆ ಬಿಗಿದು ಅವನನ್ನು ಕಳಿಸಿದಳು. ಬಾಗಿಲಿಗೆ ಬೀಗ ಹಾಕಿ ಹಿಂದೆಯೇ ಹೊರಟಳು. ಅವನು ಸೈಕಲ್ಲನ್ನು ಏರಿರಲಿಲ್ಲ, ತಳ್ಳಿಕೊಂಡೇ ಹೋಗುತ್ತಿದ್ದ. ತಿರುವು ದಾಟಿ, ಮುಚ್ಚಿದ ಅಂಗಡಿಯೊಂದರ ಮುಂದೆ ನಿಂತ. ಜೇಬಿನಿಂದ ಸ್ಪ್ಯಾನರ್ ತೆಗೆದ.

ಅವಳು ರಸ್ತೆ ಬದಿ ನಿಲ್ಲಿಸಿದ್ದ ವ್ಯಾನೊಂದರ ಮರೆಗೆ ಸರಿದಳು. ಬರುತ್ತಾಳೆ, ಈಗ ಬರುತ್ತಾಳೆ ಆ ಹೆಣ್ಣು. ಬಂದರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಒಂದೂ ಒಳ್ಳೆಯ ಮಾತಿರಲಿಲ್ಲ.

ಗಂಡ ಸೀಟು ಇಳಿಸಿದ. ಬೋಲ್ಟು ಬಿಗಿ ಮಾಡಿದ. ಎರಡು ಸಲ ಅಲುಗಾಡಿಸಿ ನೋಡಿ, ತಾನೇ ಹತ್ತಿ ಕೂತ.

ಮಂಡಿಗಳು ಎದ್ದು ಹ್ಯಾಂಡಲ್ಲಿಗೆ ತಾಗುವಂತಿದ್ದವು. ಹಾಗೇ ಮೆಲ್ಲಗೆ ತುಳಿದ. ವ್ಯಾನಿನಿಂದ ನಾಲ್ಕು ಮಾರು ಆಚೆ ತಟ್ಟನೆ ಬ್ರೇಕ್ ಹಿಡಿದು ಎರಡೂ ಪಾದಗಳನ್ನು ನೆಲಕ್ಕೆ ಅಂಟಿಸಿ ನಿಂತ. ಯಾರೂ ಬರಲಿಲ್ಲ. ಅವನು ಯಾರನ್ನೂ ನೋಡುತ್ತಲೂ ಇರಲಿಲ್ಲ, ಕಣ್ಣು ಮುಚ್ಚಿದ್ದ. ಹಣೆಯನ್ನು ಹ್ಯಾಂಡಲ್ಲಿಗೆ ಆನಿಸಿದ್ದ. ಸೈಕಲ್ಲು ನಿಧಾನವಾಗಿ, ಶರ್ಟಿನ ಗಂಟು ಜೋತಿದ್ದ ಕಡೆಗೆ ವಾಲತೊಡಗಿತು.

ಯಾವಾಗ ಓಡಿದಳೋ ಅವಳಿಗೇ ಗೊತ್ತಿಲ್ಲ. ಚಪ್ಪಲಿಯೊಂದು ವ್ಯಾನಿನ ಹತ್ತಿರವೇ ಉಳಿದಿತ್ತು. ಎರಡೂ ಕೈಯಲ್ಲಿ ಕ್ಯಾರಿಯರನ್ನು ಗಟ್ಟಿಯಾಗಿ ಹಿಡಿದಳು. ಸೈಕಲ್ಲು ನೆಟ್ಟಗಾಯಿತು.

ಅವನು ತಲೆ ಎತ್ತಲಿಲ್ಲ, ಕಣ್ಣೂ ಬಿಡಲಿಲ್ಲ. “ಏನಿಲ್ಲ ಸಾರ್. ಸ್ವಲ್ಪ ತಲೆ ಸುತ್ತು, ಹೀಗೆ ಕಾಲೂರಿಕೊಂಡಿದ್ರೆ ನಿಲ್ಲುತ್ತೆ. ದಿನಾ ಬರೋದೇ,” ಎಂದ. ಉಸಿರು ಎಳೆದುಕೊಂಡು ಮತ್ತೆ ಹೇಳಿದ. “ಲಾಂಡ್ರೀಲಿ ಮಾತ್ರ ಹೇಳ್ಬೇಡಿ, ಕೆಲಸದಿಂದ ತೆಗೀತಾರೆ. ಮನೇಲೂ ಗೊತ್ತಿಲ್ಲ.”

ಅವಳು ಚಪ್ಪಲಿಯಿಲ್ಲದ ಕಾಲನ್ನು ನೆಲಕ್ಕೆ ಊರಿದಳು.

“ಸರಿ ಹೋಯ್ತು ಸಾರ್. ನೀವು ಬಿಡಿ, ನಾನು ತುಳೀತೀನಿ.”

ಅವನ ಎರಡು ಪಾದಗಳು ಇನ್ನೂ ನೆಲದ ಮೇಲೇ ಇದ್ದವು. ಅವಳು ಬಿಡಲಿಲ್ಲ.